ಹಸಿವು ಬರಲೆಂದು ಕಾಯಬೇಡಿ

ಪ್ರಶ್ನೆ: ನನ್ನ ಮಗಳು 10ನೇ ತರಗತಿಯಲ್ಲಿದ್ದಾಳೆ. ಹೋದ ವರ್ಷ ಊಟ ಕಡಿಮೆ ಮಾಡುತ್ತಾ ಮಾಡುತ್ತಾ ತೀರಾ ಸೊರಗಿದಳು. ಅನೊರೆಕ್ಸಿಯಾ ನರ್ವೋಸಾ ಎಂದು ಗೊತ್ತಾದ ಮೇಲೆ ಆಸ್ಪತ್ರೆಯಲ್ಲಿಟ್ಟು ಚಿಕಿತ್ಸೆ ಕೊಡಿಸಿದೆವು. ಈಗ ಮನೆಯಲ್ಲಿದ್ದಾಳೆ, ತೂಕ ನಿಧಾನವಾಗಿ ಏರುತ್ತಿದೆ. ಆದರೆ ತಟ್ಟೆ ಮುಂದಿಟ್ಟರೆ 'ಹಸಿವಿಲ್ಲಮ್ಮ' ಅನ್ನುತ್ತಾಳೆ. ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯಿತು ಅನ್ನುತ್ತಾಳೆ. ಇಂಥ ಮಕ್ಕಳ ರಕ್ತದಲ್ಲಿ ಹಸಿವಿನ ಹಾರ್ಮೋನು ಹೆಚ್ಚಿರುತ್ತದೆ ಎಂದು ಓದಿದೆ. ಹೆಚ್ಚಿದ್ದರೆ ಹಸಿವಾಗಬೇಕಲ್ಲವೇ? ಅವಳು ಸುಳ್ಳು ಹೇಳುತ್ತಿದ್ದಾಳೆಯೇ? ಹಸಿವು ತಾನಾಗಿ ಮರಳುವವರೆಗೆ ಕಾಯಬೇಕೇ, ಹಸಿವಾಗಲು ಔಷಧ ಕೊಡಿಸಬೇಕೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಇವತ್ತು ರಾತ್ರಿಯ ಊಟಕ್ಕೇ ಸಂಬಂಧಿಸಿದ್ದು. ಕಾಯಬೇಡಿ. ಈ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಮಕ್ಕಳಲ್ಲಿ ಮೊದಲು ಊಟ ಒಳಗೆ ಹೋಗಬೇಕು, ತೂಕ ತುಂಬಬೇಕು. ನಂಬಿ ನಡೆಯಬಹುದಾದ ಹಸಿವು ಬರುವುದು ಅದಾದ ಎಷ್ಟೋ ಕಾಲದ ಮೇಲೆ. ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂದೂ ಅಂದುಕೊಳ್ಳಬೇಡಿ. ಅವಳಿಗೆ ಅನ್ನಿಸುತ್ತಿರುವುದನ್ನೇ ಅವಳು ಹೇಳುತ್ತಿದ್ದಾಳೆ. ಅವಳ ದೇಹ ಕೇಳುತ್ತಿರುವುದು ಮಾತ್ರ ಬೇರೆ. ಈ ಎರಡರ ನಡುವೆ ಏಕೆ ಇಷ್ಟು ಅಂತರ ಎಂಬುದು ತಿಳಿದರೆ ಊಟದ ಹೊತ್ತಿನ ಜಗಳ ಸ್ವಲ್ಪವಾದರೂ ತಗ್ಗೀತು ಎಂಬ ಆಸೆಯಿಂದ ತುಸು ವಿವರವಾಗಿ ಬರೆಯುತ್ತೇನೆ.

ನೀವು ಓದಿದ್ದು ಸರಿ. ಆ ಹಾರ್ಮೋನಿನ ಹೆಸರು ಗ್ರೆಲಿನ್. ಜಪಾನಿನ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ 1999ರಲ್ಲಿ ಇದನ್ನು ಇಲಿಯ ಜಠರದಲ್ಲಿ ಪತ್ತೆ ಹಚ್ಚಿದರು. ಹೊಟ್ಟೆ ಬರಿದಾದಾಗ ಜಠರದ ಒಳಪದರ ಇದನ್ನು ರಕ್ತಕ್ಕೆ ಬಿಡುತ್ತದೆ, ಊಟವಾದ ಮೇಲೆ ಇಳಿಸುತ್ತದೆ. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಇದನ್ನು ಗುರುತಿಸಿ 'ತಿನ್ನು' ಎನ್ನುವ ನರಕೋಶಗಳನ್ನು ಎಬ್ಬಿಸುತ್ತದೆ. ಅನೊರೆಕ್ಸಿಯಾದಲ್ಲಿ ತೂಕ ತೀರಾ ಇಳಿದಿರುವಾಗ, ಬರೀ ಹೊಟ್ಟೆಯಲ್ಲಿ ಅಳೆದ ಗ್ರೆಲಿನ್ ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಹೆಚ್ಚಿರುತ್ತದೆ. ಇದನ್ನು ಲೋಕದ ಹಲವು ಕಡೆ ಅಳೆದು ನೋಡಿದ್ದಾರೆ. ಹದಿಹರೆಯದ ಹುಡುಗಿಯರಲ್ಲಿ ವಿಶೇಷವಾಗಿ ಈ ಕೆಲಸ ಮಾಡಿದವರಲ್ಲಿ ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿದ್ದ ಭಾರತೀಯ ಮೂಲದ ಮಕ್ಕಳ ಹಾರ್ಮೋನು ತಜ್ಞೆ ಮಧುಸ್ಮಿತಾ ಮಿಶ್ರಾ ಮುಖ್ಯರು.

ಅಂದರೆ ದೇಹ ಸೋತು ಸುಮ್ಮನಾಗಿಲ್ಲ, ಊಟ ಬೇಕೆಂದು ಕೂಗುತ್ತಲೇ ಇದೆ. ಆ ಕೂಗು ಹಸಿವಾಗಿ ಅನುಭವಕ್ಕೆ ಬರುತ್ತಿಲ್ಲ, ಅಷ್ಟೇ. ಏಕೆ ಎಂಬುದಕ್ಕೆ ಒಂದೇ ಕಾರಣವಿಲ್ಲ.

ಮೊದಲನೆಯದಾಗಿ, ಗ್ರೆಲಿನ್‌ಗೆ ಹಸಿವು ಹುಟ್ಟಿಸುವುದಲ್ಲದೆ ಇನ್ನೊಂದು ಕೆಲಸವಿದೆ, ಅದು ಜೀವ ಉಳಿಸುವ ಕೆಲಸ. ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ (ಕೊಲೆಸ್ಟರಾಲ್ ಸಂಶೋಧನೆಗೆ 1985ರ ನೊಬೆಲ್ ಪಡೆದವರು) ತಮ್ಮ ತಂಡದೊಂದಿಗೆ ಇಲಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಗ್ರೆಲಿನ್ ಚುರುಕುಗೊಳ್ಳಲು ಅದಕ್ಕೆ ಒಂದು ಕೊಬ್ಬಿನ ತುಣುಕು ಅಂಟಬೇಕು, ಅಂಟಿಸಲು ಒಂದು ಕಿಣ್ವ ಬೇಕು. ಆ ಕಿಣ್ವವೇ ಇಲ್ಲದ ಇಲಿಗಳನ್ನೂ ಸಾಮಾನ್ಯ ಇಲಿಗಳನ್ನೂ ಅರೆಹೊಟ್ಟೆಯಲ್ಲಿಟ್ಟರು. ಸಾಮಾನ್ಯ ಇಲಿಗಳು ಬಡಕಲಾದರೂ ಬದುಕಿಕೊಂಡವು. ಚುರುಕಾದ ಗ್ರೆಲಿನ್ ಇಲ್ಲದವುಗಳ ರಕ್ತದ ಸಕ್ಕರೆ ಕೆಲವೇ ದಿನಗಳಲ್ಲಿ ಕುಸಿದು ಅವು ಸಾವಿನಂಚಿಗೆ ಬಂದವು. ಗ್ರೆಲಿನ್ ಬೆಳವಣಿಗೆಯ ಹಾರ್ಮೋನನ್ನು ಏರಿಸುತ್ತದೆ, ಅದು ಸಕ್ಕರೆ ತೀರಾ ಇಳಿಯದಂತೆ ತಡೆಯುತ್ತದೆ. ಅನೊರೆಕ್ಸಿಯಾದ ಮಕ್ಕಳಲ್ಲೂ ಬೆಳವಣಿಗೆಯ ಹಾರ್ಮೋನು ಹೆಚ್ಚಿರುತ್ತದೆ. ಆದರೆ ಎಲುಬನ್ನೂ ಎತ್ತರವನ್ನೂ ಬೆಳೆಸಲು ಅದರ ಕೈಕೆಳಗಿನ ಐಜಿಎಫ್-1 ಎಂಬ ಹಾರ್ಮೋನು ಬೇಕು, ಅದು ತಳ ಕಚ್ಚಿರುತ್ತದೆ. ಬೆಳೆಯುವ ಮಾತು ಬದಿಗಿಟ್ಟು, ಸದ್ಯ ಸಕ್ಕರೆ ಕಾಪಾಡಿಕೊಂಡರೆ ಸಾಕು ಎಂಬ ಸ್ಥಿತಿಗೆ ದೇಹ ಬಂದಿರುತ್ತದೆ. ಹೀಗಾಗಿ ವರದಿಯಲ್ಲಿ ಗ್ರೆಲಿನ್ ಹೆಚ್ಚಿದೆ ಎಂದು ಕಂಡರೆ ಅದನ್ನು 'ಹಸಿವು ಚೆನ್ನಾಗಿದೆ' ಎಂದು ಓದಬಾರದು, ದೇಹ ಸಂಕಟದಲ್ಲಿದೆ ಎಂದು ಓದಬೇಕು.

ಎರಡನೆಯದು ಮೆದುಳಿನ ಮಾತು. ನಮಗೆಲ್ಲ ಹಸಿದಾಗ ಅನ್ನದ ಪರಿಮಳವೇ ಸುಖ ಕೊಡುತ್ತದೆ. ಹಸಿದಾಗ ಸುಖವನ್ನು ಅಳೆಯುವ ಮೆದುಳಿನ ಭಾಗಗಳು ಚುರುಕಾಗುತ್ತವೆ. ಸ್ಯಾನ್ ಡಿಯಾಗೋದ ವಾಲ್ಟರ್ ಕೇ ಮತ್ತು ಸಂಗಡಿಗರು ಅನೊರೆಕ್ಸಿಯಾದಿಂದ ಗುಣವಾದ ಮಹಿಳೆಯರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಹಸಿದಿದ್ದರೂ ಉಂಡಿದ್ದರೂ ಆ ಭಾಗಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇವರು ತೂಕ ತುಂಬಿ ಗುಣವಾದವರು ಎಂಬುದನ್ನು ಗಮನಿಸಿ. ಅವರಲ್ಲೇ ಹೀಗಿದ್ದರೆ ಇನ್ನೂ ಅರ್ಧ ದಾರಿಯಲ್ಲಿರುವ ನಿಮ್ಮ ಮಗಳ ಪಾಡು ಊಹಿಸಬಹುದು. ಇದರ ಜೊತೆಗೆ ಭಯವೂ ಸೇರುತ್ತದೆ. ತಟ್ಟೆ ಕಂಡ ಕೂಡಲೇ ಎದೆ ಡವಗುಟ್ಟುವ ಮಗುವಿಗೆ ಹಸಿವಿನ ಸೂಚನೆ ಆ ಡವಡವದಲ್ಲಿ ಮುಳುಗಿಹೋಗುತ್ತದೆ. ಊಟ ತಳ್ಳಿದರೆ ಆ ಕ್ಷಣಕ್ಕೆ ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯೇ ನಾಳೆ ಮತ್ತೆ ಊಟ ತಳ್ಳುವಂತೆ ಮಾಡುತ್ತದೆ.

ಮೂರನೆಯದು ಹೊಟ್ಟೆ ಮತ್ತು ಕರುಳು. 'ನಾಲ್ಕು ತುತ್ತಿಗೇ ಬಿಗಿಯಿತು' ಎಂಬುದು ನೆಪವಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಜಠರ ಊಟವನ್ನು ಕೆಳಕ್ಕೆ ದೂಡುವುದರಲ್ಲಿ ನಿಧಾನವಾಗುತ್ತದೆ. ಮಧ್ಯಾಹ್ನದ ಅನ್ನ ಸಂಜೆಯವರೆಗೂ ಹೊಟ್ಟೆಯಲ್ಲೇ ಕೂತಂತೆ ಅನ್ನಿಸುತ್ತದೆ. ಮೇಲಾಗಿ ಕರುಳಿನ ಕೆಳಭಾಗದಿಂದ ಹೊರಡುವ ಪಿವೈವೈ ಎಂಬ ಹಾರ್ಮೋನಿದೆ. ಊಟವಾದ ಮೇಲೆ 'ಸಾಕು' ಎನ್ನುವುದು ಅದರ ಕೆಲಸ. ಹೊಟ್ಟೆಗಿಲ್ಲದೆ ಬಡಕಲಾದ ದೇಹದಲ್ಲಿ ಅದು ಇಳಿದಿರಬೇಕಿತ್ತು. ಆದರೆ ಮಿಶ್ರಾ ಅವರ ಗುಂಪು ಅಳೆದಾಗ ಅನೊರೆಕ್ಸಿಯಾದ ಹುಡುಗಿಯರಲ್ಲಿ ಅದು ಹೆಚ್ಚಿತ್ತು, ಅದು ಹೆಚ್ಚಿದ್ದವರಲ್ಲಿ ಎಲುಬೂ ದುರ್ಬಲವಾಗಿತ್ತು. ಪಿವೈವೈ ತೂಕ ಏರಿದ ಕೂಡಲೇ ಇಳಿಯದೆ ಹಿಂದುಳಿಯುವುದನ್ನೂ ಕೆಲವು ಅಧ್ಯಯನಗಳು ಕಂಡಿವೆ. ಇದಕ್ಕೆ ಔಷಧಿಯಂತೆ ಕೆಲಸ ಮಾಡುವುದೂ ಊಟವೇ. ಕ್ರಮವಾಗಿ ಉಣ್ಣುತ್ತಾ ಹೋದರೆ ವಾರಗಳಲ್ಲಿ ಜಠರದ ವೇಗ ಸುಧಾರಿಸುತ್ತದೆ, ಉಬ್ಬರ ತಗ್ಗುತ್ತದೆ.

ಇಲ್ಲಿ ನಮ್ಮ ನೆಲದ ಒಂದು ಮಾತು ಹೇಳಲೇಬೇಕು. ಪಾಶ್ಚಾತ್ಯ ಪುಸ್ತಕಗಳಲ್ಲಿ ದಪ್ಪಗಾಗುವ ಭಯವೇ ಈ ಕಾಯಿಲೆಯ ಹೆಗ್ಗುರುತು. ನಮ್ಮ ದೇಶದ ಎಷ್ಟೋ ಮಕ್ಕಳು ದಪ್ಪದ ಮಾತೇ ಆಡುವುದಿಲ್ಲ. ಹೊಟ್ಟೆ ಭಾರ, ಉಬ್ಬರ, ವಾಕರಿಕೆ ಎನ್ನುತ್ತಾರೆ. ಮನೆಯವರು ಹೊಟ್ಟೆಯ ಡಾಕ್ಟರರಿಂದ ಹೊಟ್ಟೆಯ ಡಾಕ್ಟರರಿಗೆ ಅಲೆಯುತ್ತಾರೆ, ಎಂಡೊಸ್ಕೊಪಿ ಮಾಡಿಸುತ್ತಾರೆ, ಅಮೂಲ್ಯವಾದ ತಿಂಗಳುಗಳು ಕಳೆಯುತ್ತವೆ. ಇದು ಶ್ರೀಮಂತ ದೇಶದವರ ಕಾಯಿಲೆ ಎಂದು ಇಲ್ಲಿ ಇನ್ನೂ ಹೇಳುವವರಿದ್ದಾರೆ. ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರ ಕೊಟ್ಟವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಊಟದ ಕಾಯಿಲೆಯ ರೋಗಿಗಳನ್ನು ನೋಡಿರುವುದಾಗಿ ಹೇಳಿದ್ದರು. ನಿಮ್ಮ ಮಗಳ ಕಾಯಿಲೆ ಒಂದು ವರ್ಷದೊಳಗೆ ಗುರುತು ಸಿಕ್ಕಿದ್ದು ನಿಮ್ಮ ಎಚ್ಚರದಿಂದ.

ಇನ್ನು ಲೆಪ್ಟಿನ್. ನನಗೆ ಕೇಳಿದರೆ, ಚೇತರಿಕೆಯ ಹಾದಿಯನ್ನು ಅರ್ಥ ಮಾಡಿಕೊಳ್ಳಲು ಗ್ರೆಲಿನ್‌ಗಿಂತ ಇದು ಮುಖ್ಯ. ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಕಂಡುಹಿಡಿದ ಈ ಹಾರ್ಮೋನು ಕೊಬ್ಬಿನ ಕೋಶಗಳಿಂದ ಬರುತ್ತದೆ. ಮನೆಯ ಕಣಜದಲ್ಲಿ ಇನ್ನು ಎಷ್ಟು ಕಾಳಿದೆ ಎಂದು ಯಜಮಾನಿಗೆ ದಿನವೂ ಲೆಕ್ಕ ಒಪ್ಪಿಸುವ ಕೆಲಸ ಇದರದು. ಕಾಳು ಸಾಕಷ್ಟಿದ್ದರೆ ಮೆದುಳು ಬೆಳವಣಿಗೆಗೆ, ಮುಟ್ಟಿಗೆ, ಎಲುಬಿಗೆ ಒಪ್ಪಿಗೆ ಕೊಡುತ್ತದೆ. ಲೆಪ್ಟಿನ್ ನೆಲಕ್ಕಿಳಿದರೆ ಎಲ್ಲ ಖರ್ಚನ್ನೂ ನಿಲ್ಲಿಸುತ್ತದೆ: ಮುಟ್ಟು ನಿಲ್ಲುತ್ತದೆ, ಥೈರಾಯ್ಡ್ ಮಂದವಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ನಾಡಿ ನಿಧಾನವಾಗುತ್ತದೆ.

ಆದರೆ ಲೆಪ್ಟಿನ್ ಇಳಿದಾಗ ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಇಲಿಗಳಿಗೆ ಊಟ ಕಡಿಮೆ ಮಾಡಿ ಪಂಜರದಲ್ಲಿ ಓಡುವ ಚಕ್ರ ಇಟ್ಟರೆ ಅವು ಶಕ್ತಿ ಉಳಿಸಿಕೊಳ್ಳುವ ಬದಲು ಮೊದಲಿಗಿಂತ ಹೆಚ್ಚು ಓಡುತ್ತವೆ. ಲೆಪ್ಟಿನ್ ಕೊಟ್ಟರೆ ಆ ಓಟ ತಗ್ಗುತ್ತದೆ. ಊಟ ಸಿಗದಾಗ ಪ್ರಾಣಿ ಆಹಾರ ಹುಡುಕಿ ಅಲೆಯಲಿ ಎಂಬ ಹಳೆಯ ಏರ್ಪಾಡು ಇದಿರಬಹುದು. ಈ ಕಾಯಿಲೆಗೆ ಇಂದಿನ ಹೆಸರಿಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲೇ, ಎಲುಬು ಚಕ್ಕಳವಾಗಿದ್ದ ತನ್ನ ರೋಗಿಗಳು ಒಂದು ಗಳಿಗೆ ಕೂರದೆ ಓಡಾಡುತ್ತಿದ್ದುದನ್ನು ದಾಖಲಿಸಿದ್ದ. ನಿಮ್ಮ ಮಗಳೂ ನಿಂತೇ ಓದುವುದು, ಕಾರಣವಿಲ್ಲದೆ ಮಹಡಿ ಹತ್ತಿ ಇಳಿಯುವುದು, ಕೂತಲ್ಲಿ ಕಾಲು ಅಲ್ಲಾಡಿಸುತ್ತಲೇ ಇರುವುದು ಮಾಡುತ್ತಿದ್ದರೆ ಅದನ್ನು ಹಠ ಎಂದು ಬೈಯಬೇಡಿ. ಅದರಲ್ಲಿ ದೊಡ್ಡ ಪಾಲು ಹಸಿದ ದೇಹದ ಚಡಪಡಿಕೆ. ತೂಕ ಏರಿದಂತೆ ಅದು ಇಳಿಯುವುದನ್ನು ನೀವೇ ಕಾಣುವಿರಿ.

ಊಟ ಶುರುವಾಗಿ ಕೊಬ್ಬು ಸೇರಿದಂತೆ ಲೆಪ್ಟಿನ್ ಏರುತ್ತದೆ. ಇಲ್ಲೊಂದು ತೊಡಕಿದೆ, ಇದು ಹೆತ್ತವರಿಗೆ ಗೊತ್ತಿರಬೇಕು. ತೂಕ ಬೇಗ ಬೇಗ ಏರುವ ಹಂತದಲ್ಲಿ ಕೆಲವು ಮಕ್ಕಳಲ್ಲಿ ಲೆಪ್ಟಿನ್, ಅದೇ ತೂಕದ ಬೇರೆ ಮಕ್ಕಳಿಗಿರುವುದಕ್ಕಿಂತ ಹೆಚ್ಚು ಏರಿಬಿಡುತ್ತದೆ. ಲೆಪ್ಟಿನ್ ಹೆಚ್ಚಾದರೆ ಹಸಿವು ತಗ್ಗುತ್ತದೆ. ಅದೇ ಹೊತ್ತಿಗೆ ಗ್ರೆಲಿನ್ ಕೂಡ ಇಳಿಯತೊಡಗಿರುತ್ತದೆ, ಏಕೆಂದರೆ ಹೊಟ್ಟೆಗೆ ಊಟ ಸಿಗುತ್ತಿದೆ. ತೂಕ ಇನ್ನೂ ಪೂರ್ತಿ ತುಂಬಿರುವುದಿಲ್ಲ, ಹಾರ್ಮೋನುಗಳು ಮಾತ್ರ ಆಗಲೇ 'ಸಾಕು' ಎನ್ನುವ ಕಡೆಗೆ ವಾಲಿರುತ್ತವೆ. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ತೂಕ ಮತ್ತೆ ಜಾರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಕೆಲವು ಸಂಶೋಧಕರು ಭಾವಿಸುತ್ತಾರೆ. ಆದ್ದರಿಂದಲೇ ಈ ಹಂತದಲ್ಲಿ 'ಅವಳಿಗೆ ಬೇಕಾದಷ್ಟು ತಿನ್ನಲಿ, ಒತ್ತಾಯ ಬೇಡ' ಎಂಬ ಬಂಧುಗಳ ಸಲಹೆ ಅಪಾಯಕಾರಿ. 'ಬೇಕಾದಷ್ಟು' ಎಷ್ಟು ಎಂದು ಹೇಳಬೇಕಾದ ಹಾರ್ಮೋನುಗಳೇ ಇನ್ನೂ ಹದಕ್ಕೆ ಬಂದಿಲ್ಲ.

ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತೀರಾ ತಿರುಗುಮುರುಗಾದದ್ದು ನಡೆಯುತ್ತದೆ: ಒಂದು ದಿನ ಇದ್ದಕ್ಕಿದ್ದಂತೆ ಹಸಿವು ಉಕ್ಕಿ ಬರುತ್ತದೆ. ಮಗು ಉಂಡರೂ ಉಂಡರೂ ಸಾಲದು ಎನ್ನುತ್ತದೆ, ಆಮೇಲೆ ಹೆದರಿ ಅಳುತ್ತದೆ. ಇದನ್ನು ಅರಿಯಲು ಮಿನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗವನ್ನು ನೆನೆಯಬೇಕು. ಎರಡನೇ ಮಹಾಯುದ್ಧದ ಕಾಲ, 1944ರ ನವೆಂಬರ್. ಆಯುಧ ಹಿಡಿಯಲು ಮನಸ್ಸೊಪ್ಪದ 36 ಆರೋಗ್ಯವಂತ ಯುವಕರು, ಯುದ್ಧದಿಂದ ಹಸಿದ ಯೂರೋಪಿನ ಜನರಿಗೆ ಹೇಗೆ ಊಟ ಕೊಡಬೇಕೆಂದು ತಿಳಿಯಲಿ ಎಂದು ತಾವೇ ಒಪ್ಪಿ ಬಂದಿದ್ದರು. 24 ವಾರ ಅರೆಹೊಟ್ಟೆ. ತೂಕದ ಸುಮಾರು ಕಾಲು ಭಾಗ ಇಳಿಯಿತು. ಅವರಿಗೆ ಅನೊರೆಕ್ಸಿಯಾ ಇರಲಿಲ್ಲ. ಆದರೂ ಅಡುಗೆ ಪುಸ್ತಕ ಕೂಡಿಹಾಕಿದರು, ಊಟವನ್ನು ತುಣುಕು ಮಾಡಿ ಗಂಟೆಗಟ್ಟಲೆ ತಿಂದರು, ಸಿಡುಕಿದರು, ಖಿನ್ನರಾದರು, ಗೆಳೆಯರಿಂದ ದೂರ ಸರಿದರು. ನಿಮ್ಮ ಮಗಳು ತಾನು ಉಣ್ಣದೆ ಗಂಟೆಗಟ್ಟಲೆ ಅಡುಗೆಯ ವಿಡಿಯೊ ನೋಡುತ್ತಿದ್ದರೆ, ಮನೆಯವರಿಗೆಲ್ಲ ಬಡಿಸಿ ತಾನು ಹಿಂದೆ ಸರಿಯುತ್ತಿದ್ದರೆ, ಅದು ಆ ಯುವಕರಲ್ಲಿ ಕಂಡದ್ದಕ್ಕೆ ತೀರಾ ಹತ್ತಿರದ್ದು. ಮತ್ತೆ ಊಟ ಸಿಕ್ಕಾಗ ಅವರಲ್ಲಿ ಕೆಲವರು ಹೊಟ್ಟೆ ಬಿರಿಯುವಷ್ಟು ಉಂಡರೂ ಹಸಿವು ತೀರಲಿಲ್ಲ ಎಂದರು. ಹಿಂದಿನ ತೂಕ ಬಂದ ಮೇಲೂ ತಿಂಗಳುಗಟ್ಟಲೆ ಹಾಗೆಯೇ ಇತ್ತು, ಕ್ರಮೇಣ ತಾನೇ ತಗ್ಗಿತು. ನಿಮ್ಮಲ್ಲೂ ಅಂಥ ದಿನ ಬಂದರೆ ಗಾಬರಿ ಬೀಳಬೇಡಿ, 'ಇಷ್ಟೊಂದು ಸಾಕು' ಎಂಬ ಮಾತನ್ನಂತೂ ಬಾಯಲ್ಲಿ ತರಬೇಡಿ. ಕದ್ದು ತಿಂದು ವಾಂತಿ ಮಾಡಿಕೊಳ್ಳುತ್ತಿದ್ದರೆ ಮಾತ್ರ ಕೂಡಲೇ ವೈದ್ಯರಿಗೆ ತಿಳಿಸಿ.

ಔಷಧದ ಪ್ರಶ್ನೆ. ಅಂಗಡಿಗಳಲ್ಲಿ ಹಸಿವಿನ ಸಿರಪ್ ಎಂದು ಸಿಗುವವುಗಳಲ್ಲಿ ಹೆಚ್ಚಿನವು ಸೈಪ್ರೊಹೆಪ್ಟಡೀನ್ ಎಂಬ ಅಲರ್ಜಿ ಔಷಧ. 1980ರ ದಶಕದಲ್ಲೇ ಅದನ್ನು ಅನೊರೆಕ್ಸಿಯಾದಲ್ಲಿ ಪರೀಕ್ಷಿಸಿದ್ದಾರೆ. ಅಲ್ಪ ಪ್ರಯೋಜನ ಕಂಡದ್ದು ಒಂದು ಗುಂಪಿನಲ್ಲಿ ಮಾತ್ರ. ತಿಂದು ಹೊರಹಾಕುವ ಅಭ್ಯಾಸವಿದ್ದವರಲ್ಲಿ ತೊಂದರೆಯೇ ಆಯಿತು. ಗ್ರೆಲಿನ್ ಕೊರತೆಯೇ ಇಲ್ಲದ ಕಡೆ ಅದನ್ನೇ ಕೊಟ್ಟು ಏನು ಲಾಭ ಎಂದು ನೀವು ಕೇಳಬಹುದು. ಜಪಾನಿನಲ್ಲಿ ಐವರು ರೋಗಿಗಳಿಗೆ ರಕ್ತನಾಳದ ಮೂಲಕ ಕೊಟ್ಟು ನೋಡಿದಾಗ ಹಸಿವೂ ಊಟವೂ ಸ್ವಲ್ಪ ಹೆಚ್ಚಿತ್ತು. ಜರ್ಮನಿಯ ಯೋಹಾನೆಸ್ ಹೆಬೆಬ್ರಾಂಡ್ ಮತ್ತು ಅವರ ಜೊತೆಗಾರರು 2020ರಿಂದೀಚೆಗೆ ಬೆರಳೆಣಿಕೆಯ ರೋಗಿಗಳಿಗೆ ಕೃತಕ ಲೆಪ್ಟಿನ್ ಕೊಟ್ಟು, ಮನಸ್ಸಿನ ಭಾರವೂ ಚಡಪಡಿಕೆಯೂ ಬೇಗ ಇಳಿದುದನ್ನು ವರದಿ ಮಾಡಿದ್ದಾರೆ. ಆಸೆ ಹುಟ್ಟಿಸುವ ಸುದ್ದಿಗಳಿವು. ಆದರೆ ಇಷ್ಟು ಕಡಿಮೆ ಜನರಲ್ಲಿ ಕಂಡದ್ದನ್ನು ನಂಬಿ ಮಗುವಿಗೆ ಕೊಡುವ ಹಂತ ಬಂದಿಲ್ಲ. ಹಸಿವಿನ ಔಷಧ ಬೇಡ ಎಂಬುದೇ ನನ್ನ ಸ್ಪಷ್ಟ ಉತ್ತರ. ಆತಂಕಕ್ಕೋ ಖಿನ್ನತೆಗೋ ಮನೋವೈದ್ಯರು ಬರೆದುಕೊಟ್ಟ ಔಷಧ ಬೇರೆ, ಅದನ್ನು ನಿಲ್ಲಿಸಬೇಡಿ.

ಹಾಗಾದರೆ ಮಾಡಬೇಕಾದದ್ದೇನು? ಹದಿಹರೆಯದವರ ಅನೊರೆಕ್ಸಿಯಾಕ್ಕೆ ಇಂದು ಅತಿ ಹೆಚ್ಚು ಆಧಾರವಿರುವ ಚಿಕಿತ್ಸೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದು. ಅದರ ತಿರುಳು ಇಷ್ಟೇ: ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಉಣ್ಣಬೇಕೆಂಬ ತೀರ್ಮಾನ ಅಪ್ಪ ಅಮ್ಮನದು. ತೂಕ ತುಂಬುತ್ತಾ ಬಂದಂತೆ ಆ ಹೊಣೆಯನ್ನು ಸ್ವಲ್ಪ ಸ್ವಲ್ಪವಾಗಿ ಮಗುವಿಗೆ ಮರಳಿಸುವುದು. ಮಕ್ಕಳಿಗೆ ಕೂತು ಉಣ್ಣಿಸುವುದು ನಮ್ಮ ಮನೆಗಳಲ್ಲಿ ಹೊಸದಲ್ಲ, ಈ ವಿಷಯದಲ್ಲಿ ನಮ್ಮ ಅಮ್ಮಂದಿರಿಗೆ ದೊಡ್ಡ ಬಲವಿದೆ. ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ದಿನವೂ ಒಂದೇ ಹೊತ್ತಿಗೆ. ಹೊತ್ತಿಗೆ ಇಷ್ಟು ಒತ್ತು ಕೊಡಲು ಕಾರಣ ಮತ್ತೆ ಗ್ರೆಲಿನ್. ಅದು ಊಟದ ವೇಳೆಗೆ ಒಗ್ಗಿಕೊಳ್ಳುವ ಹಾರ್ಮೋನು; ದಿನವೂ ಒಂದೂವರೆಗೆ ಉಣ್ಣುವವರಲ್ಲಿ ಒಂದೂವರೆಯ ಹೊತ್ತಿಗೆ ತಾನೇ ಏರುತ್ತದೆ. ಹಸಿವಿಲ್ಲದೆ ಉಂಡ ಇಂದಿನ ಊಟಗಳೇ ಮುಂದೆ ಹಸಿವಿಗೆ ಹೊತ್ತು ಕಲಿಸುತ್ತವೆ. ಹೊಟ್ಟೆ ಬೇಗ ಬಿಗಿಯುವುದರಿಂದ ತಟ್ಟೆಯ ಗಾತ್ರಕ್ಕಿಂತ ಸತ್ವ ನೋಡಿ: ಅನ್ನಕ್ಕೂ ಮುದ್ದೆಗೂ ತುಪ್ಪ, ರೊಟ್ಟಿಗೆ ಬೆಣ್ಣೆ ಮತ್ತು ಶೇಂಗಾ ಚಟ್ನಿ, ಕೆನೆ ತೆಗೆಯದ ಹಾಲು ಮೊಸರು, ಮನೆಯಲ್ಲಿ ರೂಢಿಯಿದ್ದರೆ ಮೊಟ್ಟೆ. ಬರೀ ಕೋಸಂಬರಿ, ಹಣ್ಣು, ಮಜ್ಜಿಗೆಯಲ್ಲಿ ಹೊಟ್ಟೆ ತುಂಬಿಹೋಗದಿರಲಿ. ಚೇತರಿಕೆಯಲ್ಲಿ ದೇಹ ಉಂಡದ್ದರಲ್ಲಿ ಬಹಳಷ್ಟನ್ನು ಶಾಖವಾಗಿ ಸುಟ್ಟುಬಿಡುತ್ತದೆ. ತೂಕ ಏರಲು ದಿನಕ್ಕೆ 3000 ಕ್ಯಾಲೊರಿ ದಾಟಬೇಕಾಗುವುದು ಅಪರೂಪವಲ್ಲ. ನಿಮ್ಮ ಮಗಳಿಗೆ ಎಷ್ಟು ಎಂಬುದನ್ನು ಅವಳ ವೈದ್ಯರು, ಆಹಾರ ತಜ್ಞರೇ ಹೇಳಬೇಕು.

ಒಂದೇ ಒಂದು ಎಚ್ಚರಿಕೆ. ಮಧ್ಯೆ ಏನಾದರೂ ಐದಾರು ದಿನ ಊಟ ಪೂರಾ ಬಿಟ್ಟಿದ್ದರೆ, ಮನೆಯಲ್ಲೇ ಒಮ್ಮೆಲೇ ಹೆಚ್ಚು ಉಣ್ಣಿಸಲು ಹೋಗಬೇಡಿ. ಬರಿದಾದ ದೇಹಕ್ಕೆ ದಿಢೀರನೆ ಊಟ ಬಿದ್ದರೆ ಇನ್ಸುಲಿನ್ ಏರಿ ರಕ್ತದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿಯುತ್ತವೆ, ಹೃದಯದ ಬಡಿತ ತಪ್ಪುತ್ತದೆ. ಅಂಥ ಸಂದರ್ಭದಲ್ಲಿ ಆಸ್ಪತ್ರೆಯೇ ಸರಿ. ತಲೆ ಸುತ್ತಿ ಬೀಳುವುದು, ಕಾಲು ಊತ, ಎದೆ ಬಡಿತದಲ್ಲಿ ಏರುಪೇರು ಕಂಡರೂ ಹಾಗೆಯೇ.

ಹರಕೆ, ಸಂಕಷ್ಟಿ, ಏಕಾದಶಿ, ನವರಾತ್ರಿ ಎಂದು ಮಗಳು ಉಪವಾಸ ಹಿಡಿಯುವ ಮಾತಾಡಿದರೆ ದಯವಿಟ್ಟು ಒಪ್ಪಬೇಡಿ. ಎಷ್ಟೇ ಭಕ್ತಿಯಿದ್ದರೂ ಈ ವರ್ಷಗಳಲ್ಲಿ ಅದು ಕಾಯಿಲೆಗೆ ತೆರೆದ ಬಾಗಿಲು. ಮದುವೆ ಮುಂಜಿಗಳಲ್ಲಿ 'ಈಗ ತುಂಬಿಕೊಂಡಿದ್ದೀಯಲ್ಲ' ಎನ್ನುವ ನೆಂಟರಿಗೆ ಮೊದಲೇ ಫೋನು ಮಾಡಿ, ಮೈಯ ಮಾತು ತೆಗೆಯದಂತೆ ಕೇಳಿಕೊಳ್ಳಿ.

ಹಸಿವು ಎಂದು ಮರಳುತ್ತದೆ ಎಂದು ನೀವು ದಿನಾಂಕ ಕೇಳಿದರೆ ಯಾವ ವೈದ್ಯರೂ ಹೇಳಲಾರರು. ಆದರೆ ಕ್ರಮ ಹೀಗಿರುತ್ತದೆ: ಹೊಟ್ಟೆಯ ಬಿಗಿತ ಮೊದಲು ಸಡಿಲವಾಗುತ್ತದೆ, ಗ್ರೆಲಿನ್ ಲೆಪ್ಟಿನ್‌ಗಳು ತೂಕದ ಜೊತೆ ಜೊತೆಗೇ ಸುಧಾರಿಸುತ್ತವೆ, ಮುಟ್ಟು ಸಾಮಾನ್ಯವಾಗಿ ಸಾಕಷ್ಟು ತೂಕ ಬಂದ ಕೆಲವು ತಿಂಗಳಲ್ಲಿ ಮರಳುತ್ತದೆ, ಭಯ ಮತ್ತು ಊಟದ ಸುಖ ಎಲ್ಲಕ್ಕಿಂತ ಕೊನೆಗೆ. ಮುಟ್ಟು ಬಂದದ್ದು ಹಾರ್ಮೋನುಗಳು ಹಳಿಗೆ ಬಂದದ್ದಕ್ಕೆ ರಕ್ತ ಪರೀಕ್ಷೆಗಿಂತ ಒಳ್ಳೆಯ ಸಾಕ್ಷಿ. ಮುಟ್ಟು ತರಿಸಲೆಂದು ಗರ್ಭನಿರೋಧಕ ಗುಳಿಗೆ ನುಂಗಿಸಬೇಡಿ. ಅದರಿಂದ ಬರುವ ರಕ್ತಸ್ರಾವ ಸುಧಾರಣೆಯ ಗುರುತಲ್ಲ, ಎಲುಬಿಗೂ ಅದರಿಂದ ಲಾಭವಿಲ್ಲ.

ಮುಂದಿನ ಭೇಟಿಯಲ್ಲಿ ವೈದ್ಯರನ್ನು ಮೂರು ವಿಷಯ ಕೇಳಿ: ಅವಳ ಹಳೆಯ ಬೆಳವಣಿಗೆಯ ನಕ್ಷೆಯ ಪ್ರಕಾರ ಅವಳು ಮುಟ್ಟಬೇಕಾದ ತೂಕ ಎಷ್ಟು, ಎತ್ತರ ಏರಿದಂತೆ ಅದನ್ನು ಯಾವಾಗ ಪರಿಷ್ಕರಿಸಬೇಕು, ಮುಟ್ಟು ನಿಂತಿದ್ದರೆ ಎಲುಬಿನ ಸಾಂದ್ರತೆಯ ಪರೀಕ್ಷೆ ಬೇಕೇ. ಗ್ರೆಲಿನ್, ಲೆಪ್ಟಿನ್ ಅಳತೆಗೆ ಹಣ ಸುರಿಯಬೇಡಿ, ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ. ರಾತ್ರಿ ಹೊತ್ತು ಊಟದ ಮುಂದೆ ಕೂತು ನಿಮಗೇ ದಿಕ್ಕು ತೋಚದಂತಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.